ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

2014ರ ತುಲಾ ತಿಂಗಳು. ನಾನಾಗ ಪ್ಲಸ್ ಟು ಎರಡನೇ ವರ್ಷ, ಕಾಮರ್ಸ್. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ನಮ್ಮ ಊರಿನ ಅಣ್ಣ ಒಬ್ಬ ಬಿಎ ಕನ್ನಡ ಓದುತ್ತಿದ್ದ. ಅವನಿಗೆ ಕಣ್ಣು ಕಾಣುವುದಿಲ್ಲ. ಪರೀಕ್ಷೆಗೆ ಮುಂಚಿನ ದಿನ ಸಂಜೆ ಅವನ ಅಮ್ಮ ನಮ್ಮ ಮನೆ ಜಗಲಿಯಲ್ಲಿ ಬಂದು ಕೂತರು. "ನಿನ್ನ ಅಕ್ಷರ ಚಂದ ಉಂಟಂತೆ ಮಗಾ, ನಾಳೆ ಇವನಿಗೊಂದು ಪರೀಕ್ಷೆ ಬರೆದು ಕೊಡ್ತೀಯಾ?" ಎಂದು ಕೇಳಿದರು. ಬರೆದು ಕೊಡಬೇಕಾಗಿದ್ದ ಹುಡುಗನಿಗೆ ಜ್ವರ ಬಂದಿತ್ತಂತೆ. ಅಮ್ಮ ಹೂಂ ಅಂದದ್ದರಿಂದ ನಾನೂ ಹೂಂ ಅಂದೆ.

ಮಾರನೇ ದಿನ ನಮ್ಮನ್ನು ಕೂರಿಸಿದ್ದು ಪರೀಕ್ಷಾ ಹಾಲ್‌ನಲ್ಲಲ್ಲ. ಹಳೆ ಬೆಂಚು, ಮುರಿದ ಮೈಕ್ ಸ್ಟ್ಯಾಂಡ್ ಪೇರಿಸಿಟ್ಟಿದ್ದ ಒಂದು ಕೋಣೆಯಲ್ಲಿ. ಪತ್ರಿಕೆ ಛಂದಸ್ಸಿನದ್ದು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಬೇಕಿತ್ತು. ಅಣ್ಣ ಬೆರಳಿನಿಂದ ಮೇಜಿಗೆ ಕುಟ್ಟುತ್ತಾ ಮಾತ್ರೆ ಎಣಿಸಿದ. ಮೂರು, ನಾಲ್ಕು, ಮೂರು, ನಾಲ್ಕು. ಆಮೇಲೆ ನನಗೆ ಹೇಳಿದ: "ಮೊದಲಿನ ಅಕ್ಷರದ ಮೇಲೆ ಲಘು ಹಾಕು. ಅದರ ನಂತರದ್ದು ಗುರು." ಲಘುವಿಗೆ ಯಾವ ಗುರುತು, ಗುರುವಿಗೆ ಯಾವುದು ಎಂದು ನನಗೆ ಮರೆತೇ ಹೋಗಿತ್ತು. ಅವನು ನನ್ನ ಅಂಗೈ ಹಿಡಿದು, ಅದರ ಮೇಲೆ ಬೆರಳಿನಿಂದ ಗೀಚಿ ತೋರಿಸಿದ.

ಅಷ್ಟರಲ್ಲಿ ಮೇಲ್ವಿಚಾರಕರು ಹತ್ತಿರ ಬಂದರು. ಅವರಿಗೆ ಕನ್ನಡ ಬರುವುದಿಲ್ಲ. "ಎಂದಾಣ್ ಪರಯುನ್ನದ್?" ಏನು ಹೇಳುತ್ತಿರುವುದು ಎಂದು ಮಲಯಾಳದಲ್ಲಿ ಕೇಳಿದರು. ಅವನು ಹೇಳಿದ್ದನ್ನೇ ನಾನು ಬರೆಯುತ್ತಿದ್ದೇನಾ, ಅಥವಾ ನಾನೇ ಉತ್ತರ ಹೇಳಿ ಬರೆಯುತ್ತಿದ್ದೇನಾ ಎಂದು ಅವರಿಗೆ ಅನುಮಾನ. ಅವರ ತಪ್ಪೇನೂ ಅಲ್ಲ, ತಿಳಿದುಕೊಳ್ಳಲು ಅವರ ಬಳಿ ದಾರಿಯೇ ಇರಲಿಲ್ಲ. ಮೂರು ಗಂಟೆಗೆ ಬೆಲ್ ಹೊಡೆಯಿತು. ನಮಗೆ ಇನ್ನೂ ಒಂದು ಗಂಟೆ ಇದೆ ಎಂದು ಅಣ್ಣ ಹೇಳಿದ. ಅವರಿಗೆ ಗೊತ್ತಿರಲಿಲ್ಲ. ಆಫೀಸಿಗೆ ಫೋನ್ ಮಾಡಿದರು. ಆಫೀಸಿನವರಿಗೂ ಗೊತ್ತಿರಲಿಲ್ಲ. ಅಂತೂ ಒಬ್ಬರು ಯಾರೋ ಸುತ್ತೋಲೆ ಹುಡುಕಿ ತರುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಆ ಇಪ್ಪತ್ತು ನಿಮಿಷ ನಮಗೆ ಮತ್ತೆ ಸಿಗಲಿಲ್ಲ.

ಹೊರಗೆ ಬಂದಾಗ ಗುಡುಗು ಶುರುವಾಗಿತ್ತು. ಬಸ್‌ಸ್ಟಾಪಿನಲ್ಲಿ ನಾನು ಬೇಜಾರು ಮಾಡಿಕೊಂಡದ್ದನ್ನು ಕಂಡು ಅವನೇ ನನಗೆ ಸಮಾಧಾನ ಹೇಳಿದ. "ಪ್ರತಿ ಸಲವೂ ಹೀಗೇ ಮಾರಾಯ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಬೇಕು."

ಈ "ಅಡ್ಜಸ್ಟ್" ಎಂಬ ಶಬ್ದದ ಬಗ್ಗೆಯೇ ನನಗೆ ಹೇಳಲಿಕ್ಕಿರುವುದು.

ಕಾನೂನು ಹೇಳುವ ಹೊಂದಾಣಿಕೆ

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ಏಪ್ರಿಲ್ 19ರಂದು. ಅದರಲ್ಲಿ ಒಂದು ಮಾತಿದೆ: ಸಮಂಜಸ ಹೊಂದಾಣಿಕೆ. ಬೇರೆಯವರ ಹಾಗೆಯೇ ಓದಲು, ಬರೆಯಲು, ದುಡಿಯಲು ಒಬ್ಬರಿಗೆ ಏನು ಬದಲಾವಣೆ ಬೇಕೋ ಅದನ್ನು ಸಂಸ್ಥೆ ಮಾಡಿಕೊಡಬೇಕು, ತನಗೆ ವಿಪರೀತ ಹೊರೆಯಾಗದ ಮಟ್ಟಿಗೆ. ಕೊಡದೆ ಇದ್ದರೆ ಅದು ತಾರತಮ್ಯ ಎಂದೇ ಕಾಯ್ದೆ ಲೆಕ್ಕ ಹಾಕುತ್ತದೆ. ಅಂದರೆ ಇಲ್ಲಿ ಅಡ್ಜಸ್ಟ್ ಮಾಡಿಕೊಳ್ಳಬೇಕಾದದ್ದು ಕಾಲೇಜು. ನಾವು ದಿನಾ ಬಳಸುವ ಅರ್ಥಕ್ಕೆ ಇದು ಪೂರ್ತಿ ಉಲ್ಟಾ. ನಮ್ಮಲ್ಲಿ ಬಸ್ಸಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಆಫೀಸಿನಲ್ಲಾಗಲಿ ತೊಂದರೆ ಇದ್ದವನಿಗೇ ಅಡ್ಜಸ್ಟ್ ಮಾಡ್ಕೊ ಅನ್ನುವುದು ರೂಢಿ, ಅಲ್ವಾ?

1995ರ ಹಳೆ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಇತ್ತು. ಹೊಸದರಲ್ಲಿ 21. ಕಲಿಕೆಯ ತೊಂದರೆ, ಆಟಿಸಂ, ಮಾನಸಿಕ ಕಾಯಿಲೆ, ಹೀಮೋಫಿಲಿಯಾ, ಆಸಿಡ್ ದಾಳಿಗೆ ಒಳಗಾದವರು, ಎಲ್ಲರೂ ಸೇರಿದರು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಂತೆ ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಇದು ಸಿಗಬೇಕಾದರೆ ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟಿನಲ್ಲಿ ಕನಿಷ್ಠ ಶೇಕಡಾ 40 ಇರಬೇಕು. ಪಾಠ ಮತ್ತು ಪರೀಕ್ಷೆಯ ಕ್ರಮವನ್ನು ಬದಲಿಸಿಕೊಡುವುದು, ಹೇಳಿದ್ದನ್ನು ಬರೆದು ಕೊಡುವ ಸ್ಕ್ರೈಬ್ ಕೊಡುವುದು, ಹೆಚ್ಚು ಸಮಯ ಕೊಡುವುದು, ಬೇಕಾದರೆ ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಕೊಡುವುದು ಕೂಡ ಕಾಯ್ದೆಯಲ್ಲೇ ಬರೆದಿದೆ.

2018ರ ಆಗಸ್ಟಿನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಲಿಖಿತ ಪರೀಕ್ಷೆಗೆ ಒಂದು ಹೊಸ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಸಮಯ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಪರೀಕ್ಷೆ ಆದಷ್ಟು ನೆಲಮಹಡಿಯಲ್ಲೇ ಆಗಬೇಕು. ಭಾಷಾ ಪತ್ರಿಕೆಗೆ ಬೇರೆ ಸ್ಕ್ರೈಬ್ ಬೇಕಾದರೆ ಬಿಡಬೇಕು. ಸಂಸ್ಥೆಯೇ ಸ್ಕ್ರೈಬ್ ಕೊಡುವುದಾದರೆ ಪರೀಕ್ಷೆಗೆ ಎರಡು ದಿನ ಮೊದಲೇ ವಿದ್ಯಾರ್ಥಿಗೆ ಅವರನ್ನು ಭೇಟಿ ಮಾಡಿಸಬೇಕು, ಇವರು ಸರಿ ಹೋಗುತ್ತಾರಾ ಇಲ್ಲವಾ ಎಂದು ನೋಡಿಕೊಳ್ಳಲು. ಈ ಕೊನೆಯದನ್ನು ಓದಿದಾಗ ನನಗೆ ನನ್ನ ಅಂಗೈ ನೆನಪಾಯಿತು. ಎರಡು ದಿನ ಮೊದಲು ಒಂದರ್ಧ ಗಂಟೆ ಕೂತಿದ್ದರೆ ಲಘು ಗುರು ಕಲಿತುಕೊಂಡು ಹೋಗುತ್ತಿದ್ದೆ.

ಆ ಹೆಚ್ಚುವರಿ ಸಮಯವನ್ನು ಕೆಲವರು ಗ್ರೇಸ್ ಮಾರ್ಕಿನ ಹಾಗೆ ನೋಡುತ್ತಾರೆ. ಸ್ಕ್ರೈಬ್ ಆಗಿ ಒಮ್ಮೆ ಕೂತವರಿಗೆ ಆ ಭ್ರಮೆ ಇರುವುದಿಲ್ಲ. ಪ್ರಶ್ನೆಯನ್ನು ಓದಿ ಹೇಳಬೇಕು. ಅವನು ಯೋಚಿಸಿ ಹೇಳಬೇಕು. ನಾನು ಬರೆಯಬೇಕು. ಬರೆದದ್ದನ್ನು ಮತ್ತೆ ಓದಿ ಹೇಳಬೇಕು. ನಡುವಿನಲ್ಲಿ ಒಂದು ಸಾಲು ಸೇರಿಸು ಅಂದರೆ ಅದು ಎಲ್ಲಿದೆ ಎಂದು ಹುಡುಕಬೇಕು. ಒಬ್ಬರೇ ಕೂತು ಬರೆಯುವವರ ತಲೆಯಲ್ಲಿ ಒಂದು ಕ್ಷಣದಲ್ಲಿ ಆಗುವುದು ಇಲ್ಲಿ ಎರಡು ಬಾಯಿ, ಎರಡು ಕಿವಿ ದಾಟಿ ಹೋಗಬೇಕು.

ಕೋರ್ಟುಗಳು ಕೂಡ ಹಿಂದೆ ಬಿದ್ದಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಗಂಟು ಬಿಚ್ಚಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಸ್ಕ್ರೈಬ್ ಕೊಟ್ಟಿರಲಿಲ್ಲ, ಅವರಿಗೆ ಶೇಕಡಾ 40ರ ಸರ್ಟಿಫಿಕೇಟ್ ಇಲ್ಲ ಎಂಬ ಕಾರಣಕ್ಕೆ. ಶೇಕಡಾ 40 ಎನ್ನುವುದು ಮೀಸಲಾತಿಯ ಲೆಕ್ಕ, ಸ್ಕ್ರೈಬ್ ಕೊಡಲು ಅದು ಅಡ್ಡ ಬರಬಾರದು ಎಂದು ಕೋರ್ಟ್ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಅವ್ನಿ ಪ್ರಕಾಶ್ ಪ್ರಕರಣ. ನೀಟ್ ಪರೀಕ್ಷೆಯಲ್ಲಿ ಆ ವಿದ್ಯಾರ್ಥಿನಿಗೆ ಸಿಗಬೇಕಿದ್ದ ಒಂದು ಗಂಟೆ ಸಿಗಲಿಲ್ಲ, ಎಲ್ಲರ ಜೊತೆಗೇ ಉತ್ತರ ಪತ್ರಿಕೆ ಕಿತ್ತುಕೊಂಡಿದ್ದರು. ತಪ್ಪಾಗಿದೆ, ಸರಿಪಡಿಸುವ ದಾರಿ ನೋಡಿ ಎಂದು ಕೋರ್ಟ್ ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆಗೆ ಮಾತ್ರ ಒಪ್ಪಲಿಲ್ಲ.

ಈ ಎರಡನೇ ಪ್ರಕರಣ ನನ್ನನ್ನು ಜಾಸ್ತಿ ಕಾಡುತ್ತದೆ. ನಿಯಮ ಇತ್ತು. ಎಲ್ಲ ಕಾಗದದಲ್ಲೂ ಇತ್ತು. ಆದರೆ ಆ ದಿನ ಆ ಕೋಣೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ. ಛಂದಸ್ಸಿನ ಪತ್ರಿಕೆಯ ದಿನ ನಮಗಾದದ್ದೂ ಅದೇ. ದೆಹಲಿಯಿಂದ ಹೊರಟ ನಿಯಮ ಪರೀಕ್ಷೆ ಕೋಣೆಯ ಬಾಗಿಲು ದಾಟುವುದಿಲ್ಲ. ದಾಟಿಸುವುದು ತನ್ನ ಕೆಲಸ ಎಂದು ತಿಳಿದ ಮನುಷ್ಯ ಕಾಲೇಜಿನಲ್ಲಿ ಇಲ್ಲ. ವಿಷಯದ ಬೇರು ಇರುವುದು ಇಲ್ಲೇ.

ಚೆನ್ನಾಗಿ ಮಾಡುವವರು ಏನು ಮಾಡುತ್ತಾರೆ

ಈ ಕೆಲಸದಲ್ಲಿ ಮುಂದಿರುವ ವಿಶ್ವವಿದ್ಯಾಲಯಗಳ ಕತೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲೂ ಇದು ಯಾರದೋ ದೊಡ್ಡ ಮನಸ್ಸಿನಿಂದ ಶುರುವಾದದ್ದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1948ರಲ್ಲಿ ಟಿಮ್ ನ್ಯೂಜೆಂಟ್ ಎಂಬವರು ಇಂಥ ಕಾರ್ಯಕ್ರಮ ಆರಂಭಿಸಿದರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಗಾಲಿಕುರ್ಚಿಗೆ ಬಂದಿದ್ದ ಸೈನಿಕರು ಓದಲು ಬಂದಿದ್ದರು. ಅವರನ್ನು ವಾಪಸ್ ಕಳಿಸುವುದು ಯಾರಿಗೂ ಸುಲಭ ಇರಲಿಲ್ಲ. ರ‍್ಯಾಂಪ್ ಬಂತು, ಲಿಫ್ಟ್ ಇರುವ ಬಸ್ ಬಂತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಎಡ್ ರಾಬರ್ಟ್ಸ್ ಸೇರಿದರು. ಪೋಲಿಯೊದಿಂದಾಗಿ ಅವರಿಗೆ ಉಸಿರಾಡಲು ಸುಮಾರು 360 ಕಿಲೋ ತೂಕದ ಕಬ್ಬಿಣದ ಯಂತ್ರ ಬೇಕಿತ್ತು. ಯಾವ ಹಾಸ್ಟೆಲೂ ಅದನ್ನು ತಡೆದುಕೊಳ್ಳುವಂತಿರಲಿಲ್ಲ. ಕೊನೆಗೆ ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ಭಾಗವೇ ಅವರ ಹಾಸ್ಟೆಲ್ ಆಯಿತು. ಅವರ ಹಿಂದೆ ಇನ್ನಷ್ಟು ಮಂದಿ ಬಂದರು, ಗುಂಪಾದರು, ಗಲಾಟೆ ಮಾಡಿದರು. 1970ರಲ್ಲಿ ಅಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಾಗಿಯೇ ಒಂದು ಕಚೇರಿ ತೆರೆಯಿತು. ಕಾನೂನು ಬಂದದ್ದು ಅದಾದ ಮೇಲೆ, 1973ರಲ್ಲಿ.

ಇವತ್ತು ಅಂಥ ಕಚೇರಿ ಹೇಗೆ ಕೆಲಸ ಮಾಡುತ್ತದೆ? ಸೇರುವಾಗ ವಿದ್ಯಾರ್ಥಿ ಒಮ್ಮೆ ಹೋಗಿ ಹೆಸರು ಬರೆಸಬೇಕು. ವೈದ್ಯರ ಕಾಗದ ಕೊಡಬೇಕಾದದ್ದು ಆ ಕಚೇರಿಗೆ ಮಾತ್ರ. ಏನು ತೊಂದರೆ, ಯಾವ ಪಾಠದಲ್ಲಿ ಏನು ಬೇಕಾಗಬಹುದು ಎಂದು ಕೂತು ಮಾತಾಡುತ್ತಾರೆ. ಆಮೇಲೆ ಕಚೇರಿಯೇ ಒಂದು ಪತ್ರ ತಯಾರಿಸುತ್ತದೆ. ಅದು ಪ್ರತಿ ಅಧ್ಯಾಪಕರಿಗೂ ಹೋಗುತ್ತದೆ. "ಈ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಇಷ್ಟು ಹೆಚ್ಚು ಸಮಯ, ನೋಟ್ಸ್ ಮುಂಚಿತವಾಗಿ, ಮುಂದಿನ ಸಾಲಿನಲ್ಲಿ ಸೀಟು." ಅಷ್ಟೇ. ಕಾಯಿಲೆ ಏನು ಎಂದು ಅದರಲ್ಲಿ ಇರುವುದಿಲ್ಲ. ಅಧ್ಯಾಪಕರಿಗೆ ಬೇಕಾದದ್ದು ಏನು ಮಾಡಬೇಕೆಂಬುದು ಮಾತ್ರ. ಪುಸ್ತಕವನ್ನು ಓದಿಸುವ ಫೈಲಾಗಿ ಮಾಡಿಕೊಡುವುದು, ಕ್ಲಾಸಿನ ಮಾತನ್ನು ಬರಹವಾಗಿ ತೋರಿಸುವುದು, ಬೇರೆ ಕೋಣೆಯಲ್ಲಿ ಪರೀಕ್ಷೆ ನಡೆಸುವುದು ಎಲ್ಲವೂ ಆ ಕಚೇರಿಯ ಜವಾಬ್ದಾರಿ.

ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹುಡುಗಿಯೊಬ್ಬಳನ್ನು ಯೋಚಿಸಿ. ನಮ್ಮ ಕಾಲೇಜೊಂದರಲ್ಲಿ ಅವಳು ಇಂಟರ್ನಲ್ ಪರೀಕ್ಷೆಗೆ ಒಂದು ದಿನ ಜಾಸ್ತಿ ಕೇಳಬೇಕಾದರೆ ಐದು ಜನ ಅಧ್ಯಾಪಕರಿಗೆ ಐದು ಸಲ ತನ್ನ ಕತೆ ಹೇಳಬೇಕು. ಐದನೆಯವರು ಸ್ಟಾಫ್ ರೂಮಿನಲ್ಲಿ ಆರನೆಯವರಿಗೆ ಹೇಳುತ್ತಾರೆ. ಅವಳು ಕೇಳುವುದೇ ಇಲ್ಲ, ಸುಮ್ನೆ ಮಾರ್ಕು ಕಳೆದುಕೊಳ್ಳುತ್ತಾಳೆ. ಆ ಒಂದು ಪತ್ರದ ಬೆಲೆ ಇದು.

ಅಲ್ಲಿ ಎಲ್ಲವೂ ಸರಿಯಿದೆ ಎಂದೇನಲ್ಲ. ಕಾಗದಪತ್ರ ಹೊಂದಿಸಲು ಅಲ್ಲೂ ಹಣ ಬೇಕು, ಸಮಯ ಬೇಕು. ಆದರೆ ಹೊಂದಿಸಿ ಕೊಡುವ ಕೆಲಸ ಯಾರದ್ದು ಎಂಬ ಬಗ್ಗೆ ಗೊಂದಲ ಇಲ್ಲ.

ನಮ್ಮ ದೇಶದಲ್ಲೂ ದಾರಿ ತೋರಿದವರಿದ್ದಾರೆ. ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಲ್ಲಿ ಕಣ್ಣು ಕಾಣದವರಿಗಾಗಿ ಸಂಪನ್ಮೂಲ ಕೇಂದ್ರ ತೆರೆಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ 2006ರಿಂದ ಸಮಾನ ಅವಕಾಶ ಘಟಕ ಇದೆ. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿಯನ್ನೂ ಕೊಟ್ಟಿದೆ. ಕಟ್ಟಡ, ವೆಬ್‌ಸೈಟ್, ಪಾಠ, ಪರೀಕ್ಷೆ ಎಲ್ಲದಕ್ಕೂ. ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲಿ ಒಂದು ಘಟಕ, ಅದಕ್ಕೊಬ್ಬರು ಸಂಯೋಜಕರು ಸಿಗಬಹುದು. ಸಣ್ಣ ಊರಿನ ಅಫಿಲಿಯೇಟೆಡ್ ಕಾಲೇಜಿನಲ್ಲಿ ಆ ಘಟಕವೆಂದರೆ ಮೊದಲೇ ಎನ್ನೆಸ್ಸೆಸ್, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕೆಲಸ ಎರಡೂ ಹೊತ್ತುಕೊಂಡಿರುವ ಅಧ್ಯಾಪಕರ ಹೆಸರಿನ ಮುಂದೆ ಸೇರುವ ಇನ್ನೊಂದು ಸಾಲು.

ಕಾಸರಗೋಡಿನ ಲೆಕ್ಕವೇ ಬೇರೆ

ಕಾಸರಗೋಡಿನ ಸರ್ಕಾರಿ ಕಾಲೇಜು 1957ರದ್ದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಕಾಲೇಜು ಇದೆ. ಇವೆಲ್ಲ ಈಗ 1996ರಲ್ಲಿ ಹುಟ್ಟಿದ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಪೆರಿಯದಲ್ಲಿ 2009ರಿಂದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಗಡಿಯ ತಲಪಾಡಿ ದಾಟಿದರೆ ಮಂಗಳೂರು, ವಿಶ್ವವಿದ್ಯಾಲಯ ಇರುವ ಕೊಣಾಜೆ. ಆಯ್ಕೆಗೇನೂ ಬರ ಇಲ್ಲ. ಆದರೆ ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿ, ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಅಂಗವಿಕಲ ವಿದ್ಯಾರ್ಥಿಗೆ ಇಲ್ಲಿ ಎರಡು ಬೇಲಿ. ಒಂದು ಎಲ್ಲ ಕಡೆ ಇರುವಂಥದ್ದು. ಇನ್ನೊಂದು ಭಾಷೆಯದ್ದು.

ಸ್ಕ್ರೈಬ್ ವಿಷಯವನ್ನೇ ತೆಗೆದುಕೊಳ್ಳಿ. 2018ರ ಮಾರ್ಗಸೂಚಿಯ ಪ್ರಕಾರ ಸ್ವಂತ ಸ್ಕ್ರೈಬ್ ಕರೆತರುವುದಾದರೆ ಅವರ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಹಂತ ಕಡಿಮೆ ಇರಬೇಕು. ಅಂದರೆ ಡಿಗ್ರಿ ವಿದ್ಯಾರ್ಥಿಗೆ ಪ್ಲಸ್ ಟು ಮಟ್ಟದವರು. ಸರಿಯಾದ ನಿಯಮವೇ. ಆದರೆ ಕನ್ನಡ ತಪ್ಪಿಲ್ಲದೆ, ವೇಗವಾಗಿ ಬರೆಯುವ ಪ್ಲಸ್ ಟು ಹುಡುಗರು ಎಷ್ಟು ಮಂದಿ ಸಿಗುತ್ತಾರೆ? ಪೆರ್ಲ, ಬದಿಯಡ್ಕ, ಮಂಜೇಶ್ವರದ ಕಡೆ ಸಿಗಬಹುದು. ಕಾಞಂಗಾಡಿನ ಕಾಲೇಜಿನಲ್ಲಿ ಸೀಟು ಸಿಕ್ಕಿದವಳಿಗೆ ಅಲ್ಲಿ ಹುಡುಕುವುದು ಕಷ್ಟ. ಸಿಕ್ಕಿದ ಹುಡುಗನಿಗೂ ತನ್ನ ಕ್ಲಾಸ್ ಇರುತ್ತದೆ, ಅವನ ಅಮ್ಮ ಬಿಡಬೇಕು, ಬಸ್ಸಿಗೆ ದುಡ್ಡು ಬೇಕು. ಹುಡುಕುವ ಕೆಲಸ ಯಾರದ್ದು? ವಿದ್ಯಾರ್ಥಿಯದ್ದು. ಹೆಚ್ಚಿನ ಸಲ ವಿದ್ಯಾರ್ಥಿಯ ಅಮ್ಮನದ್ದು.

ಇನ್ನು ನೋಟ್ಸ್. ಕಣ್ಣು ಕಾಣದವರಿಗೆ ಈಗ ಕಂಪ್ಯೂಟರೇ ಓದಿ ಹೇಳುತ್ತದೆ. ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು 2006ರಲ್ಲಿ ಶುರು ಮಾಡಿದರು. ಉಚಿತ. ಕನ್ನಡವನ್ನೂ ಓದುತ್ತದೆ, ಧ್ವನಿ ಸ್ವಲ್ಪ ಡಬ್ಬಿಯೊಳಗಿನಿಂದ ಬಂದ ಹಾಗಿದ್ದರೂ ಕಿವಿಗೆ ರೂಢಿಯಾಗುತ್ತದೆ. ತೊಂದರೆ ತಂತ್ರಾಂಶದ್ದಲ್ಲ. ನಮ್ಮ ಫೈಲಿನದ್ದು.

ಒಮ್ಮೆ ಆ ಅಣ್ಣನ ಮನೆಗೆ ಹೋಗಿದ್ದಾಗ ಕೇಳಿಸಿದ. ಯಾರೋ ಕಳಿಸಿದ ನೋಟ್ಸ್, ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ನಮ್ಮ ಕಣ್ಣಿಗೆ ಪರದೆಯಲ್ಲಿ "ಕನ್ನಡ" ಎಂದೇ ಕಾಣುತ್ತದೆ. ಆದರೆ ಒಳಗಡೆ ಇರುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷಿನ ಪಿ, ತಲೆ ಮೇಲೊಂದು ಗೆರೆ ಇರುವ ಎ, ಆಮೇಲೆ ಪೌಂಡ್ ಗುರುತು, ಮತ್ತೆ ಆ ಗೆರೆಯ ಎ. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಕಣ್ಣಿದ್ದವರಿಗೆ ವೇಷ ಸಾಕು. ಕಂಪ್ಯೂಟರಿಗೆ ವೇಷ ಕಾಣುವುದಿಲ್ಲ, ಅದು ಒಳಗಿದ್ದದ್ದನ್ನು ಓದುತ್ತದೆ. ಹತ್ತು ಪುಟದ ಪಾಠ ಪೂರ್ತಿ "ಪಿ ಎ ಪೌಂಡ್ ಎ" ಎಂದು ಕೂಗಿತು. ಇಬ್ಬರೂ ನಕ್ಕೆವು. ಅವನಿಗೆ ಮರುದಿನ ಅದೇ ಪಾಠದ ಪರೀಕ್ಷೆ ಇತ್ತು.

ಯುನಿಕೋಡಿನಲ್ಲಿ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ಕ್ರಮದಲ್ಲಿ ಟೈಪ್ ಮಾಡಿದ್ದರೆ ಈ ತೊಂದರೆ ಇಲ್ಲ. ಹಳೆ ಫೈಲನ್ನು ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅಲ್ಲಲ್ಲಿ ಒತ್ತಕ್ಷರ ತಪ್ಪುತ್ತದೆ, ಅಷ್ಟೇ. ಇದಕ್ಕಿಂತ ಕಷ್ಟ ಎಂದರೆ ವಾಟ್ಸಾಪಿನಲ್ಲಿ ಬರುವ ನೋಟ್ಸ್ ಪುಟದ ಫೋಟೊ. ಓರೆಯಾಗಿ ತೆಗೆದದ್ದು, ಮೂಲೆಯಲ್ಲಿ ಹೆಬ್ಬೆರಳು. ಅದನ್ನು ತೆರೆದರೆ ಫೋನ್ "ಇಮೇಜ್" ಎಂದು ಹೇಳಿ ಸುಮ್ಮನಾಗುತ್ತದೆ. ಪುಸ್ತಕದ ವಿಷಯದಲ್ಲಿ ಕಾನೂನಿನ ಅಡ್ಡಿಯೂ ಈಗಿಲ್ಲ. 2012ರ ಕಾಪಿರೈಟ್ ತಿದ್ದುಪಡಿಯ ನಂತರ ಅಂಗವಿಕಲರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ಬದಲಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ. ಇದೇ ವಿಷಯದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಿಂದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿಯೂ ಇದೆ. ಆದರೆ ನಮ್ಮ ಯುನಿವರ್ಸಿಟಿಯ ಕನ್ನಡ ಪಠ್ಯ ಅಲ್ಲಿ ತಾನಾಗಿ ಹೋಗಿ ಕೂರುವುದಿಲ್ಲ. ಯಾರಾದರೂ ಸ್ಕ್ಯಾನ್ ಮಾಡಿ, ತಿದ್ದಿ, ಕಳಿಸಬೇಕು.

ಕಿವಿ ಕೇಳದವರ ಪಾಡು ಇನ್ನೂ ಜಟಿಲ. ಕನ್ನಡ ಮನೆಯಲ್ಲಿ ಹುಟ್ಟಿದ ಮಗು ಅಮ್ಮನ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು ಕನ್ನಡವನ್ನು. ಮಾತಿನ ತರಬೇತಿ ಸಿಗುವುದು ಮಲಯಾಳದಲ್ಲಿ. ಕಾಲೇಜಿನ ಪುಸ್ತಕ ಇಂಗ್ಲಿಷಿನಲ್ಲಿ. ಕ್ಲಾಸಿನಲ್ಲಿ ಅಧ್ಯಾಪಕರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ ಮಲಯಾಳದಲ್ಲಿ ವಿವರಿಸುತ್ತಾರೆ. ಫೋನಿನಲ್ಲಿ ಮಾತನ್ನು ಬರಹ ಮಾಡುವ ಆಪ್ ಇಟ್ಟರೂ ಒಂದು ಭಾಷೆಗೆ ಹಾಕಿಟ್ಟರೆ ಇನ್ನೊಂದು ಬಂದಾಗ ಅದು ಬಾಯಿಗೆ ಬಂದದ್ದು ಬರೆಯುತ್ತದೆ. ಇಲ್ಲಿ ನಿಜಕ್ಕೂ ಬೇಕಾದದ್ದು ಸೈನ್ ಭಾಷೆಯ ದುಭಾಷಿ. ಸೈನ್ ಭಾಷೆಗೆ ಕನ್ನಡ ಮಲಯಾಳ ಎಂಬ ಜಗಳವೂ ಇಲ್ಲ.

ಕಲಿಕೆಯ ತೊಂದರೆಯಲ್ಲೂ ಭಾಷೆ ಕೈ ಹಾಕುತ್ತದೆ. ಓದುವಾಗ ಅಕ್ಷರ ಕಲಸಿಹೋಗುವ ಡಿಸ್ಲೆಕ್ಸಿಯಾ ಇದೆಯಾ ಎಂದು ನೋಡಬೇಕಾದರೆ ಮಗು ಕಲಿತ ಭಾಷೆಯಲ್ಲಿಯೇ ಓದಿಸಿ ನೋಡಬೇಕು. ಕನ್ನಡ ಮೀಡಿಯಂನ ಹುಡುಗನಿಗೆ ಮಲಯಾಳದ ಪುಟ ಕೊಟ್ಟು ಓದು ಅಂದರೆ ಏನು ತಿಳಿದೀತು? ತೊಂದರೆ ಇಲ್ಲದವನೂ ತಡವರಿಸುತ್ತಾನೆ. ತೊಂದರೆ ಇದ್ದವನನ್ನು "ಭಾಷೆ ಬರುವುದಿಲ್ಲ, ಅದಕ್ಕೇ" ಎಂದು ಕಳಿಸಿಬಿಡುತ್ತಾರೆ. ಎರಡನೆಯದ್ದೇ ಜಾಸ್ತಿ ಅಪಾಯ.

ಗಡಿಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2016ರ ಕಾಯ್ದೆಯ ಕೆಳಗೆ ಕೊಟ್ಟ ಸರ್ಟಿಫಿಕೇಟ್ ದೇಶವಿಡೀ ನಡೆಯುತ್ತದೆ. ಕಾಸರಗೋಡಿನಲ್ಲಿ ಮಾಡಿಸಿದ್ದನ್ನು ಮಂಗಳೂರಿನ ಕಾಲೇಜು ಒಪ್ಪಲೇಬೇಕು. "ಕರ್ನಾಟಕದ್ದು ತನ್ನಿ" ಎಂದು ಯಾರಾದರೂ ಅಂದರೆ ಅವರಿಗೆ 58ನೇ ಸೆಕ್ಷನ್ ತೋರಿಸಿ. ಬಸ್ ಪಾಸ್, ಪಿಂಚಣಿಯಂಥ ರಾಜ್ಯ ಸರ್ಕಾರದ ಸವಲತ್ತುಗಳ ಕತೆ ಬೇರೆ. ಅವುಗಳಿಗೆ ಆಯಾ ರಾಜ್ಯದ ನಿಯಮ.

ಹೆಸರಿನ ಬಗ್ಗೆ ಒಂದು ಮಾತು. ಕರ್ನಾಟಕದ ಪತ್ರಿಕೆಯಲ್ಲಿ ವಿಕಲಚೇತನ, ದೆಹಲಿಯ ಕಾಗದದಲ್ಲಿ ದಿವ್ಯಾಂಗ, ನಮ್ಮ ಪಂಚಾಯತ್ ಆಫೀಸಿನಲ್ಲಿ ಭಿನ್ನಶೇಷಿ. ಯಾವುದು ಬರೆಯಲಿ ಎಂದು ಅಣ್ಣನನ್ನೇ ಕೇಳಿದೆ. "ಕುರುಡ ಅಂತಲೇ ಬರಿ. ಟೈಮ್ ಸರಿ ಕೊಟ್ಟರೆ ಸಾಕು" ಎಂದ.

ಪರಿಹಾರದ ಆಚೆಗೆ

ಕಾಸರಗೋಡು ಮತ್ತು ಅಂಗವಿಕಲತೆ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಎಂಡೋಸಲ್ಫಾನ್. ಪ್ಲಾಂಟೇಷನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಎಣ್ಮಕಜೆಯ ಪಡ್ರೆಯಂಥ ಕನ್ನಡದ ಹಳ್ಳಿಗಳು ಅದರ ನಡುವೆಯೇ ಇದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶವಿಡೀ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಆ ದುಡ್ಡಿಗಾಗಿ ಜನ ಮತ್ತೆಷ್ಟು ಅಲೆದರು ಎಂಬುದು ಇಲ್ಲಿಯವರಿಗೆ ಗೊತ್ತು.

ಈ ಹೋರಾಟ ಇನ್ನೂ ಮುಗಿದಿಲ್ಲ, ಅದನ್ನು ಹಗುರ ಮಾಡುವುದು ನನ್ನ ಉದ್ದೇಶ ಅಲ್ಲ. ಆದರೆ ಅದರ ಒಂದು ಪರಿಣಾಮ ಆಗಿದೆ. ಈ ಜಿಲ್ಲೆಯಲ್ಲಿ ಅಂಗವಿಕಲತೆ ಅಂದರೆ ಪಟ್ಟಿ, ಕ್ಯಾಂಪ್, ಪಿಂಚಣಿ, ಔಷಧಿ, ಬಡ್ಸ್ ಶಾಲೆ ಎಂದಾಗಿಬಿಟ್ಟಿದೆ. ಎಲ್ಲವೂ ಬೇಕಾದದ್ದೇ. ಬಡ್ಸ್ ಶಾಲೆ ಬುದ್ಧಿಮಾಂದ್ಯ ಮಕ್ಕಳಿಗೆ ಆಸರೆ. ಆದರೆ ಅಂಗವಿಕಲ ಮಕ್ಕಳೆಲ್ಲ ಒಂದೇ ಥರ ಅಲ್ಲವಲ್ಲ. ಕೈಕಾಲು ಸರಿಯಿಲ್ಲದ, ತಲೆ ಚುರುಕಾಗಿರುವ ಮಗು ಇದೆ. ಕಣ್ಣು ಮಂಜಾದ, ಲೆಕ್ಕದಲ್ಲಿ ಹುಷಾರಿರುವ ಹುಡುಗಿ ಇದ್ದಾಳೆ. ಸಿಂಪಡಣೆ ನಿಂತ ಆಸುಪಾಸಿನಲ್ಲಿ ಹುಟ್ಟಿದವರಿಗೆ ಈಗ ಇಪ್ಪತ್ತೈದು ದಾಟಿದೆ. ಇವರಲ್ಲಿ ಕಾಲೇಜಿಗೆ ಹೋಗಬಹುದಾಗಿದ್ದವರು ಯಾರು, ಹೋದವರು ಯಾರು, ನಡುವಿನಲ್ಲಿ ಬಿಟ್ಟವರು ಯಾಕೆ ಬಿಟ್ಟರು? ಕ್ಯಾಂಪಿಗೆ ಬರುವ ಡಾಕ್ಟರು ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಮುಂದೆ ಏನು ಓದುತ್ತೀ ಎಂದು ಕೇಳುವ ಕಾಲಂ ಆ ಫಾರ್ಮಿನಲ್ಲಿ ನನಗೆ ಕಂಡಿಲ್ಲ.

ಇನ್ನು ರ‍್ಯಾಂಪ್. ಎಲ್ಲರೂ ಮೊದಲು ಅದನ್ನೇ ಹೇಳುವುದರಿಂದ ನಾನು ಕೊನೆಗಿಟ್ಟೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ಲೆಕ್ಕ. ಅರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ನಮ್ಮಲ್ಲಿ ಜಾಗ ಇದ್ದಷ್ಟಕ್ಕೆ ಇಳಿಜಾರು ಹಾಕುತ್ತಾರೆ. ಅದರಲ್ಲಿ ಸಿಮೆಂಟ್ ಚೀಲ ಇಳಿಸಬಹುದು, ಗಾಲಿಕುರ್ಚಿಯಲ್ಲಿ ಒಬ್ಬರೇ ಹತ್ತಲಿಕ್ಕೆ ಆಗುವುದಿಲ್ಲ. ಜೂನ್ ಬಂದರೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದು ಯಾರ ಕೆಲಸ ಎಂದು ಮತ್ತೆ ಅದೇ ಪ್ರಶ್ನೆ.

ಇದಕ್ಕೆಲ್ಲ ಕೋಟಿ ರೂಪಾಯಿ ಬೇಕು ಎಂದು ನನಗನಿಸುವುದಿಲ್ಲ. ಲಿಫ್ಟಿಗೆ ದುಡ್ಡು ಬೇಕು, ದುಭಾಷಿಗೆ ಸಂಬಳ ಬೇಕು, ಅದು ಸರ್ಕಾರ ಮಾಡಬೇಕಾದದ್ದು. ಉಳಿದದ್ದಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಕಪಾಟು, ಬೇರೆ ಡ್ಯೂಟಿ ಹೇರದ ಒಬ್ಬ ಮನುಷ್ಯ. ಅಡ್ಮಿಷನ್ ದಿನವೇ ಹೆಸರು ಬರೆದುಕೊಳ್ಳಲಿ. ಪರೀಕ್ಷೆಯ ತಿಂಗಳಲ್ಲ, ಜೂನ್‌ನಲ್ಲೇ ಸ್ಕ್ರೈಬ್‌ಗಳ ಪಟ್ಟಿ ಮಾಡಲಿ, ಕನ್ನಡಕ್ಕೆ ಬೇರೆ, ಮಲಯಾಳಕ್ಕೆ ಬೇರೆ. ಕನ್ನಡ ಪತ್ರಿಕೆಯ ದಿನ ಕನ್ನಡ ಬರುವ ಮೇಲ್ವಿಚಾರಕರನ್ನೇ ಆ ಕೋಣೆಗೆ ಹಾಕಲಿ. ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡ ವಿಭಾಗಗಳಿವೆ, ಪ್ರತಿ ಬ್ಯಾಚಿನಲ್ಲೂ ಟೈಪಿಂಗ್ ಬರುವ ಮಕ್ಕಳಿದ್ದಾರೆ. ಪಠ್ಯವನ್ನು ಯುನಿಕೋಡಿಗೆ ತರುವ ಕೆಲಸವನ್ನೇ ಅವರಿಗೆ ಪ್ರಾಜೆಕ್ಟಾಗಿ ಕೊಡಬಹುದು. ಒಮ್ಮೆ ಮಾಡಿದರೆ ಸಿಲೆಬಸ್ ಬದಲಾಗುವವರೆಗೆ ನಡೆಯುತ್ತದೆ. ಗಡಿಯಾಚೆಯ ಮಂಗಳೂರಿನವರಿಗೂ ಉಪಯೋಗಕ್ಕೆ ಬಂದೀತು.

ಮೊನ್ನೆ ಪೆರ್ಲದ ಕಡೆಯಿಂದ ಒಂದು ಫೋನ್ ಬಂತು. ಎರಡನೇ ವರ್ಷದ ಡಿಗ್ರಿ ಹುಡುಗಿ, ದೃಷ್ಟಿ ತುಂಬ ಕಡಿಮೆ. ನನ್ನ ನಂಬರ್ ಆ ಅಣ್ಣನೇ ಕೊಟ್ಟದ್ದಂತೆ. "ನೀವು ಸ್ಕ್ರೈಬ್ ಆಗಿ ಬರ್ತೀರಂತೆ ಅಲ್ವಾ?" ನಾನೀಗ ಎಂಕಾಂ ಮುಗಿಸಿದ್ದೇನೆ, ನಿಯಮದ ಪ್ರಕಾರ ನನಗೆ ಕೂರಲಿಕ್ಕಿಲ್ಲ ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳು, "ಹಾಗಾದ್ರೆ ನಿಮ್ಗೆ ಗೊತ್ತಿರುವ ಪ್ಲಸ್ ಟು ಮಕ್ಕಳು ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ಮೂರು ಮನೆಗೆ ಫೋನ್ ಮಾಡಿದೆ. ಒಂದು ಮನೆಯಲ್ಲಿ ಮದುವೆ. ಇನ್ನೊಂದರಲ್ಲಿ ಅಪ್ಪನನ್ನು ಕೇಳಿ ಹೇಳುತ್ತೇನೆ ಅಂದರು. ಮೂರನೇ ಮನೆಯ ಹುಡುಗಿ ಒಪ್ಪಿದ್ದಾಳೆ. ಅಕ್ಷರ ಚಂದ, ಸ್ವಲ್ಪ ನಿಧಾನ. ಪರೀಕ್ಷೆಗೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಇಬ್ಬರನ್ನೂ ಬದಿಯಡ್ಕದಲ್ಲಿ ಕೂರಿಸಿ ಮಾತಾಡಿಸಬೇಕು. ಎಲ್ಲಿ ಕೂರಿಸುವುದು ಎಂದು ಇನ್ನೂ ಗೊತ್ತಾಗಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಧ್ಯಾಹ್ನದ ಮೇಲೆ ಗಲಾಟೆ ಕಡಿಮೆ ಇರುತ್ತದೆ.